ನಾನೂರ ಹದಿನೇಳನೇ ಸದಸ್ಯ

ಐದು ಪುಸ್ತಕ, ಐದು ವಾರ, ಐದು ನಿರ್ದಾಕ್ಷಿಣ್ಯ ತೀರ್ಪು. ತಕ್ಕಡಿ ಸಾಹೇಬರು ಈ ಪ್ರತಿಜ್ಞೆಯನ್ನು ಮನೆಯ ನಡುಕೋಣೆಯಲ್ಲಿ ನಿಂತು, ಹೆಂಡತಿಯನ್ನೂ ಕಿಟಕಿಕಟ್ಟೆಯ ಮೇಲೆ ಒಣಗುತ್ತಿದ್ದ ಹನ್ನೊಂದು ಜೊತೆ ದವಡೆಗಳನ್ನೂ ಸಾಕ್ಷಿಯಾಗಿಟ್ಟುಕೊಂಡು ಮಾಡಿದರು. ದವಡೆಗಳು ಹೆಂಡತಿಯ ಕಸುಬಿನವು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿ, ಅಡಿಯಲ್ಲಿ ರೋಗಿಯ ಹೆಸರು ಪುಟ್ಟದಾಗಿ ಬರೆದುಕೊಡುವುದು ಆಕೆಯ ಕೆಲಸ. ಸಾಹೇಬರದು ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ನೌಕರಿ. ಬೀದಿಯವರು ಇಟ್ಟ ಹೆಸರು ಅದರಿಂದಲೇ ಬಂದದ್ದು.

ಪ್ರತಿಜ್ಞೆಗೆ ಕಾರಣವಿತ್ತು. ಬಡಾವಣೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕ ಆರಿಸಲು ಒಬ್ಬ ಆಯ್ಕೆಗಾರರು ಬೇಕಾಗಿದ್ದರು. ಅರ್ಜಿ ಹಾಕಿದವರು ಐದು ಬಗೆಯ ಐದು ಪುಸ್ತಕ ಓದಿ, ಭಾನುವಾರದ ಸಭೆಯಲ್ಲಿ ಎಲ್ಲರ ಮುಂದೆ ಅಭಿಪ್ರಾಯ ಹೇಳಬೇಕು. ಗೆದ್ದವರಿಗೆ ಸಂಬಳವಿಲ್ಲ. ಕೈಯಿರುವ ಒಂದು ಕುರ್ಚಿ ಇದೆ, ಯಾವುದೇ ಹೊಸ ಪುಸ್ತಕವನ್ನು ಮೊದಲು ಮುಟ್ಟುವ ಹಕ್ಕಿದೆ. ಇಪ್ಪತ್ತಾರು ವರ್ಷ ಊರಿನ ತೂಕವನ್ನೆಲ್ಲ ತಾವೇ ನಿರ್ಧರಿಸಿದ್ದ ಸಾಹೇಬರಿಗೆ ಆ ಕುರ್ಚಿಯನ್ನು ತಮ್ಮ ಅಳತೆ ತೆಗೆದೇ ಮಾಡಿಸಿದ್ದಾರೆ ಎನಿಸಿತ್ತು.

"ನಾನು ಒಂದ್ಸಲ ಓದಿದ್ರೆ ಮುಗೀತು. ಕಲ್ಲಲ್ಲಿ ಕೆತ್ತಿದ ಹಾಗೆ," ಎಂದರು.

ಹೆಂಡತಿ ದವಡೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ, "ಆಗ್ಲಿ," ಎಂದಳು.

ಮೊದಲನೆಯದು ಕಾದಂಬರಿ, ದೋಣಿ ಕಟ್ಟುವವರ ಮನೆತನದ ಮೂರು ತಲೆಮಾರಿನ ಕಥೆ. ನಾನೂರಿಪ್ಪತ್ತು ಪುಟ, ನಿವ್ವಳ ತೂಕ ತೊಂಬತ್ತು ಪುಟ ಎಂದು ಸಾಹೇಬರು ಟಿಪ್ಪಣಿ ಮಾಡಿಕೊಂಡರು. ಅರವತ್ತೊಂದನೇ ಪುಟದಲ್ಲಿ, ಈ ಅಜ್ಜ ಸಾಯಲು ಯಾಕಿಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಾನೆ ಎಂದು ಬೇಸರವಾಯಿತು. ಪುಟ ತಿರುಗಿಸಿದರು. ಅಂಚಿನಲ್ಲಿ ಪೆನ್ಸಿಲ್ಲಿನ ಬರಹವಿತ್ತು: "ಅಜ್ಜ ಸಾಯಲು ಇಷ್ಟು ಹೊತ್ತೇ?" ಅಕ್ಷರಗಳೆಲ್ಲ ಹಿಂದಕ್ಕೆ ವಾಲಿದ್ದವು, ಯಾರೋ ಕತ್ತಲಲ್ಲಿ ಅಂಗಾತ ಮಲಗಿ ಗೀಚಿದಂತಿತ್ತು.

ಸಾಹೇಬರು ನಕ್ಕರು. ಯಾರೋ ರುಚಿವಂತ ಓದುಗ. ಎಂಬತ್ತೆಂಟನೇ ಪುಟದ ಹೊತ್ತಿಗೆ ಕಣ್ಣು ಹತ್ತಿತು. ಎಚ್ಚರವಾದಾಗ ಹೆಬ್ಬೆರಳು ಒಂದು ಸಾಲಿನ ಮೇಲಿತ್ತು. ಬೆರಳು ಎತ್ತಿದರೆ, ಅದರಡಿಯಲ್ಲಿ ಅದೇ ವಾಲಿದ ಅಕ್ಷರ: "ಇಲ್ಲಿ ನಿದ್ದೆ."

ಎರಡನೆಯದು ಉಪ್ಪಿನ ಮರುಭೂಮಿಯ ಪ್ರವಾಸಕಥನ. ಲೇಖಕ ಮರುಭೂಮಿಗಿಂತ ತನ್ನ ಬೂಟನ್ನೇ ಹೆಚ್ಚು ನೋಡಿದ್ದಾನೆ ಎಂಬುದು ಸಾಹೇಬರ ತೀರ್ಪು. ಮೂವತ್ತಮೂರನೇ ಪುಟದಲ್ಲಿ ಕೈ ತಪ್ಪಿ ಚಹಾ ಚೆಲ್ಲಿತು. ಒದ್ದೆ ಹರಡುತ್ತ ಹೋಗಿ, ಪಕ್ಕದಲ್ಲೇ ಒಣಗಿದ್ದ ಹಳೆಯ ಕಂದು ಕಲೆಯನ್ನು ಸೇರಿಕೊಂಡಿತು. ಹಳೆಯ ಕಲೆಯ ಬದಿಗೆ ಒಂದೇ ಪದವಿತ್ತು: "ಚಹಾ."

ಸಂಜೆ ಐದೂವರೆ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಸಾಹೇಬರು ಮೆಲ್ಲಗೆ ಹಿಂತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ದವಡೆಗಳು ಮಾತ್ರ ಸಾಲಾಗಿ ನಗುತ್ತಿದ್ದವು.

"ಯಾರೋ ನನ್ನ ತಲೆಯೊಳಗೆ ಕೂತು ಓದ್ತಿದಾರೆ ಕಣೇ," ಎಂದರು ಊಟದ ಹೊತ್ತಿಗೆ.

"ಜಾಗ ಇದೆಯಲ್ಲ, ಕೂತ್ಕೊಳ್ಳಲಿ ಬಿಡಿ."

ಮೂರನೆಯದು ಹೃದಯದ ಡಾಕ್ಟರೊಬ್ಬರ ಆತ್ಮಕಥೆ. ಐದರಲ್ಲಿ ತೂಕ ಸರಿಯಿದ್ದದ್ದು ಇದೊಂದೇ. ಆದರೆ ಸಾಹೇಬರ ಗಮನವೆಲ್ಲ ಆ ಅದೃಶ್ಯ ಓದುಗನನ್ನು ಮಣಿಸುವುದರಲ್ಲಿತ್ತು. ಯಾರಿಗೂ ಹೊಳೆಯಲಾರದ ಅಭಿಪ್ರಾಯವೊಂದನ್ನು ಬೇಕೆಂದೇ ಹೆಣೆದರು: ಈ ಪುಸ್ತಕದ ನಾಯಕ ಡಾಕ್ಟರಲ್ಲ, ಆಸ್ಪತ್ರೆಯ ಲಿಫ್ಟ್ ಓಡಿಸುವವನು. ಹೆಣೆದು, ಉಸಿರು ಬಿಗಿಹಿಡಿದು ಪುಟ ತಿರುಗಿಸಿದರು. "ನಿಜವಾದ ನಾಯಕ ಲಿಫ್ಟಿನವನು" ಎಂದಿತ್ತು.

ಅಂದಿನಿಂದ ಕುರ್ಚಿಯನ್ನು ಗೋಡೆಗೆ ಒತ್ತಿಸಿಕೊಂಡು ಓದತೊಡಗಿದರು. ಜೇನು ಸಾಕಣೆಯ ಪುಸ್ತಕದಲ್ಲಿ ಅಭಿಪ್ರಾಯ ಪಡಲು ಏನೂ ಇಲ್ಲವೆಂದು ಧೈರ್ಯ ತಂದುಕೊಂಡರೆ, ಮೊದಲ ಪುಟದಲ್ಲೇ "ಇದರಲ್ಲಿ ಅಭಿಪ್ರಾಯ ಪಡಲು ಏನಿದೆ?" ಎಂಬ ಸಾಲು ಕಾದಿತ್ತು. ಐದನೆಯದು ದೆವ್ವದ ಕಥೆಗಳ ಸಂಕಲನ. ಅದರ ಅಂಚುಗಳೆಲ್ಲ ಖಾಲಿ. ಒಂದು ಗೀರೂ ಇಲ್ಲ. ಸಾಹೇಬರನ್ನು ಕಥೆಗಳಿಗಿಂತ ಆ ಖಾಲಿ ಅಂಚುಗಳೇ ಹೆಚ್ಚು ಹೆದರಿಸಿದವು. ಕೊನೆಯ ಪುಟ ಬಂತು. ಕಟ್ಟಕಡೆಯ ಸಾಲಿನ ಕೆಳಗೆ, ವಾಲಿದ ಅಕ್ಷರಗಳಲ್ಲಿ: "ಇದನ್ನು ಮತ್ತೆ ಓದಬೇಡ."

ಮತ್ತೆ? ಸಾಹೇಬರು ಪುಸ್ತಕ ಮುಚ್ಚಿ, ಮಗುಚಿ ಹಿಂಬದಿ ನೋಡಿದರು.

ಹೆದರಿದ ಅಧಿಕಾರಿ ದಾಖಲೆ ಹುಡುಕುತ್ತಾನೆ. ಪ್ರತಿ ಪುಸ್ತಕದ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಒಯ್ದವರ ಸದಸ್ಯತ್ವ ಸಂಖ್ಯೆ ಮತ್ತು ತಾರೀಖಿನ ಮುದ್ರೆ ಇರುತ್ತಿತ್ತು. ಐದೂ ಚೀಟಿಗಳಲ್ಲಿ, ಆರು ವರ್ಷದ ಹಿಂದಿನ ತಾರೀಖಿನಲ್ಲಿ, ಒಂದೇ ಸಂಖ್ಯೆ ಸಿಕ್ಕಿತು: ೪೧೭. ಗ್ರಂಥಾಲಯದಾಕೆಯನ್ನು ವಿಚಾರಿಸಿದರು. ನಾಲ್ಕು ವರ್ಷದ ಹಿಂದೆ ಕಾರ್ಡುಗಳೆಲ್ಲ ಹೊಸದಾಗಿ ಸಂಖ್ಯೆಗಳು ಬದಲಾದವೆಂದೂ, ಹಳೆಯ ರಿಜಿಸ್ಟರು ಅಧ್ಯಕ್ಷರ ಬೀರುವಿನಲ್ಲಿದೆಯೆಂದೂ ಆಕೆ ಹೇಳಿದಳು.

ಸಾಹೇಬರ ಭಯ ಅಲ್ಲೇ ಕರ್ತವ್ಯವಾಗಿ ಮಾರ್ಪಟ್ಟಿತು. ಸಮಿತಿಗೆ ಎರಡು ಹಾಳೆಯ ಪತ್ರ ಬರೆದರು. ಸಾರ್ವಜನಿಕ ಪುಸ್ತಕಗಳನ್ನು ಕೆಡಿಸಿದ ಈ ಕಿಡಿಗೇಡಿಯ ಹೆಸರನ್ನು ಭಾನುವಾರದ ಸಭೆಯಲ್ಲೇ ರಿಜಿಸ್ಟರು ತೆರೆದು ಓದಬೇಕು. ಗೀಚಿದ ಪ್ರತಿಯೊಂದು ಅಕ್ಷರವನ್ನೂ ಅವನ ಕೈಯಿಂದಲೇ ಅಳಿಸಬೇಕು. ಗ್ರಂಥಾಲಯದ ಯಾವ ಹುದ್ದೆಗೂ ಅವನು ಆಜೀವ ಅನರ್ಹನಾಗಬೇಕು. ಸಮಿತಿ ಮೂರನ್ನೂ ಒಪ್ಪಿ ಸೂಚನಾಫಲಕಕ್ಕೆ ಹಾಕಿತು.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಹೊರಟವರನ್ನು ಹೆಂಡತಿ ಬಾಗಿಲಲ್ಲಿ ತಡೆದಳು.

"ಅಭಿಪ್ರಾಯ ಹೇಳಿ ಬಂದ್ಬಿಡಿ. ಆ ರಿಜಿಸ್ಟರು ತೆಗೆಸೋದು ಬೇಡ."

"ಯಾಕೆ, ಭಯಾನಾ?"

"ನನಗೇನು ಭಯ," ಎಂದು ಆಕೆ ಪಕ್ಕಕ್ಕೆ ಸರಿದಳು.

ಸಭೆಯಲ್ಲಿ ಅರವತ್ತು ಜನ. ಐದೂ ಪುಸ್ತಕಗಳನ್ನು ಈ ಐದು ವಾರದಲ್ಲಿ ಮೊದಲ ಬಾರಿಗೆ ಓದಿದ್ದಾಗಿ ಹೇಳಿ ಸಾಹೇಬರು ಶುರುಮಾಡಿದರು. ನಿವ್ವಳ ತೂಕಕ್ಕೆ ಚಪ್ಪಾಳೆ ಬಿತ್ತು, ಬೂಟಿಗೆ ನಗು, ಲಿಫ್ಟಿನವನಿಗೆ ಎರಡೂ. ಕೈಯಿರುವ ಕುರ್ಚಿ ಅವರ ಕಡೆಗೆ ಸ್ವಲ್ಪ ತಿರುಗಿದಂತೆಯೂ ಕಂಡಿತು. ಆಮೇಲೆ ಅವರೇ ಗಂಟಲು ಸರಿಪಡಿಸಿಕೊಂಡು ರಿಜಿಸ್ಟರಿನ ವಿಷಯ ನೆನಪಿಸಿದರು.

ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಪುಟಗಳ ಮೇಲೆ ಅವರ ಬೆರಳು ಇಳಿಯುತ್ತ ಬಂದು ಒಂದು ಕಡೆ ನಿಂತಿತು. ಬೆರಳು ಅಲ್ಲಾಡಲಿಲ್ಲ. ಕನ್ನಡಕದ ಮೇಲಿಂದ ಅವರು ಸಾಹೇಬರನ್ನು ನೋಡಿದ ರೀತಿಗೆ ಮುಂದಿನ ಸಾಲಿನಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು.

"ನೀವೇ ಓದಿ," ಎಂದು ರಿಜಿಸ್ಟರನ್ನು ಮುಂದಕ್ಕೆ ತಳ್ಳಿದರು.

ಸಾಹೇಬರು ಬಗ್ಗಿದರು. ೪೧೭ರ ಎದುರು ಅವರ ಹೆಸರು, ಅವರ ಮನೆಯ ವಿಳಾಸ, ಅವರ ಸಹಿ. ಸಹಿಯ ಅಕ್ಷರಗಳೆಲ್ಲ ಹಿಂದಕ್ಕೆ ವಾಲಿದ್ದವು.

ಆಗ ಮಾತ್ರ ನೆನಪಾಯಿತು. ಆರು ವರ್ಷದ ಹಿಂದೆ ಕಚೇರಿಯಲ್ಲಿ ಇಪ್ಪತ್ತು ಕಿಲೋದ ತೂಕದ ಬಟ್ಟು ಜಾರಿ ಬಲ ಮಣಿಕಟ್ಟಿನ ಮೇಲೆ ಬಿದ್ದಿತ್ತು. ಹನ್ನೊಂದು ವಾರ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಗ್ರಂಥಾಲಯದ ಸದಸ್ಯರಾದದ್ದೂ ಆಗಲೇ. ಸಹಿ ಎಡಗೈಯದು, ಪೆನ್ಸಿಲ್ ಎಡಗೈಯದು. ಓದಿದ್ದು ಕಪಾಟುಗಟ್ಟಲೆ. ತಲೆಯಲ್ಲಿ ಉಳಿದದ್ದು ಒಂದು ಸಾಲೂ ಇಲ್ಲ.

"ಬಲಗೈ ಮುರಿದಿತ್ತು," ಎಂದರು ಸಣ್ಣ ದನಿಯಲ್ಲಿ.

"ಕೈ ಮುರಿದದ್ದು ಸರಿ," ಎಂದರು ಅಧ್ಯಕ್ಷರು. "ನಿಮ್ಮನ್ನ ಆಯ್ಕೆಗಾರರನ್ನಾಗಿ ಮಾಡಿದ್ರೆ ನಮಗೆ ಲಾಭವೇ ಇತ್ತು. ಇನ್ನು ಹೊಸ ಪುಸ್ತಕವನ್ನೇ ತರಿಸಬೇಕಾಗಿರಲಿಲ್ಲ. ಆದರೆ ಆಜೀವ ಅನರ್ಹ ಅಂತ ನೀವೇ ಬರೆದು ಕೊಟ್ಟಿದ್ದೀರಿ."

ಕುರ್ಚಿ ಪಕ್ಕದ ಬೀದಿಯ ಕನ್ನಡಕದ ಅಂಗಡಿಯವನ ಪಾಲಾಯಿತು. ಸಾಹೇಬರ ಪಾಲಿಗೆ ಎರಡು ರಬ್ಬರ್ ಮತ್ತು ೪೧೭ ಒಯ್ದಿದ್ದ ನಲವತ್ತಮೂರು ಪುಸ್ತಕಗಳ ಪಟ್ಟಿ ಬಂತು.

ಶನಿವಾರದ ಮಧ್ಯಾಹ್ನ, ಗ್ರಂಥಾಲಯದ ಹಿಂಬದಿಯ ಮೇಜಿನಲ್ಲಿ ಕೂತು ತಮ್ಮ ಅಭಿಪ್ರಾಯಗಳನ್ನು ತಾವೇ ಉಜ್ಜತೊಡಗಿದರು. ಹತ್ತು ಪುಸ್ತಕ ಮುಗಿಯಿತು. ಹನ್ನೊಂದನೆಯದು ದೀಪಸ್ತಂಭ ಕಾಯುವವನ ಕಾದಂಬರಿ. ನೂರಾ ನಾಲ್ಕನೇ ಪುಟದ ಅಂಚಿನಲ್ಲಿ ಎಡಗೈ ಬರೆದಿತ್ತು: "ಇವನಿಗೆ ಸಮುದ್ರ ಗೊತ್ತು, ಮನುಷ್ಯರು ಗೊತ್ತಿಲ್ಲ."

ರಬ್ಬರ್ ಇಟ್ಟವರ ಕೈ ಅಲ್ಲೇ ನಿಂತಿತು. ಅದರ ಕೆಳಗೆ ಇನ್ನೊಂದು ಬರಹವಿತ್ತು. ಇದು ನೆಟ್ಟಗಿನ, ದೃಢವಾದ ಬಲಗೈ ಅಕ್ಷರ. ತಕ್ಕಡಿಗಳ ಪ್ರಮಾಣಪತ್ರದ ಮೇಲೆ ಅವರು ದಿನವೂ ಬರೆಯುವಂಥದ್ದು. ಎರಡು ವರ್ಷದ ಹಿಂದಿನ ತಾರೀಖು ಹಾಕಿತ್ತು. "ಈ ಮನುಷ್ಯ ಥೇಟ್ ನನ್ನ ಹಾಗೆಯೇ ಯೋಚಿಸುತ್ತಾನೆ. ಯಾರೆಂದು ಹುಡುಕಿ ಹಿಡಿಯಬೇಕು."

ಸಾಹೇಬರು ಆಚೀಚೆ ನೋಡಿದರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೂ ಕೆಳಗೆ, ಪುಟದ ತಳದಲ್ಲಿ, ಪ್ರತಿ ದವಡೆಯ ಅಡಿಯಲ್ಲಿ ರೋಗಿಯ ಹೆಸರು ಬರೆಯುವ ಆ ಪುಟ್ಟ ದುಂಡು ಅಕ್ಷರಗಳಲ್ಲಿ ಮೂರನೆಯದೊಂದು ಸಾಲಿತ್ತು:

"ಸಿಕ್ಕಿದರೆ ನನಗೂ ತೋರಿಸಿ."