ಗುಂಡಿನ ಬಟನ್ ತಂಗಿಯದು

ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರ್ ಆಟ ಬರೆಯೋದನ್ನು ಕಲಿಯಲು ಕೂತರೆ ನಗೆಪಾಟಲಾಗದೆ ಒಂದು ದಿನವೂ ಕಳೆಯುವುದಿಲ್ಲ. ನನ್ನ ಅಂಗಡಿ ನ್ಯಾಮತಿಯಲ್ಲಿದೆ. ಚಿಕ್ಕಂದಿನಲ್ಲಿ ನಾನೂ ತಂಗಿಯೂ ಒಂದೇ ಕೀಬೋರ್ಡಿನ ಮುಂದೆ ಕೂತು, ಕೋಟೆಯೊಳಗೆ ಸಿಪಾಯಿಗಳನ್ನು ಸುಡುವ ಒಂದು ಆಟ ಆಡುತ್ತಿದ್ದೆವು. ನಡೆಯುವ ಬಟನ್ ನನ್ನದು, ಗುಂಡಿನ ಬಟನ್ ಅವಳದು. ಇಬ್ಬರೂ ಸೇರಿ ಒಬ್ಬ ವೀರ. ಅವಳು ಮದುವೆಯಾಗಿ ಜಗಳೂರು ಕಡೆಯ ಸೊಕ್ಕೆಗೆ ಹೋದ ಮೇಲೆ ನಾನು ಅರ್ಧ ವೀರನಾಗಿ ಉಳಿದೆ. ಪಂಚಮಿಗೆ ಬಂದರೂ ಮರುದಿನದ ಬಸ್ಸಿಗೇ ಹೊರಟುಬಿಡುತ್ತಾಳೆ.

ಆ ಆಟ ಮಾಡಿದವರು ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಲಿ ಎಂದು ಬಿಟ್ಟುಕೊಟ್ಟಿದ್ದಾರೆಂದು ಗೊತ್ತಾಯಿತು. ಅದನ್ನು ಓದಿ ಕಲಿತು, ಅವಳನ್ನು ಇನ್ನೊಂದು ದಿನ ಕಟ್ಟಿಹಾಕುವಂಥ ಆಟ ಮಾಡಬೇಕೆಂದು ಹಟ ಹಿಡಿದೆ.

ಜೋಳದ ಕೆಳಗಿನ ಪಾಠ

ಅರ್ಥವಾಗದ ಕೋಡನ್ನು ಉಳಿದ ಫ್ಲೆಕ್ಸ್ ತುಂಡಿನ ಮೇಲೆ ದಪ್ಪಕ್ಷರದಲ್ಲಿ ಪ್ರಿಂಟು ಮಾಡಿ ಗೋಡೆಗೆ ತೂಗುಹಾಕುತ್ತಿದ್ದೆ. ನಮ್ಮ ಕಡೆ ಹಳೇ ಬ್ಯಾನರಿಗೆ ಬಹಳ ಬೇಡಿಕೆ. ಸವಳಂಗದ ರೈತರೊಬ್ಬರು ಬಂದು, ನಾನಿಲ್ಲದ ಹೊತ್ತಿನಲ್ಲಿ ಅದನ್ನೂ ಸುತ್ತಿಕೊಂಡು ಹೋಗಿದ್ದರು. ಬೈಕ್ ಹತ್ತಿ ಹೋಗಿ ನೋಡಿದರೆ ಕಣದಲ್ಲಿ ಅದರ ಮೇಲೆ ಮೆಕ್ಕೆಜೋಳ ಒಣಗುತ್ತಿದೆ.

ಪುಣ್ಯಾತ್ಮರು ಬೇಸರಪಡದೆ ಕಾಲಲ್ಲಿ ಜೋಳ ಸರಿಸುತ್ತಾ ಸಾಲು ಸಾಲಾಗಿ ಓದಿಸಿದರು. ಇಷ್ಟೂ ಏನು ಹೇಳುತ್ತದೆ ಎಂದು ಕೇಳಿದರು. ಸಿಪಾಯಿ ನಮ್ಮನ್ನು ಕಂಡರೆ ಅಟ್ಟಿಸಿಕೊಂಡು ಬರಬೇಕು ಅಂತ ಇದೆ ಎಂದೆ.

"ಅದಕ್ಕೆ ಇಷ್ಟುದ್ದ ಬರೀಬೇಕೇನ್ರಿ? ನಮ್ಮ ನಾಯಿಗೆ ಯಾರೂ ಏನೂ ಬರಕೊಟ್ಟಿಲ್ಲ."

ಬೂಟುಗಾಲಿನ ಊಟ

ಆ ಆಟದಲ್ಲಿ ಗಾಯವಾದರೆ ನೆಲದ ಮೇಲಿಟ್ಟ ಊಟದ ತಟ್ಟೆ ಮುಟ್ಟಬೇಕು, ಜೀವ ಬರುತ್ತದೆ. ಒಮ್ಮೆ ಅವ್ವ ಹಿಂದೆ ನಿಂತು ನೋಡಿದಳು. "ಯಾರದೋ ಮನೆ, ಬೂಟುಗಾಲು, ಕೈ ತೊಳಿಲಿಲ್ಲ. ಇದನ್ನ ಕಲಿಯಾಕೆ ಇಷ್ಟು ಓದ್ತೀಯಾ?"

ಅವ್ವನ ಮಾತು ಮೀರಲಾಗದೆ ಕೋಡ್ ತಿದ್ದಿದೆ. ಮೊದಲು ನಲ್ಲಿ ಮುಟ್ಟಬೇಕು, ಆಮೇಲೆ ಊಟ. ಆವತ್ತಿನಿಂದ ನಮ್ಮ ವೀರ ಯಾವಾಗಲೂ ನಲ್ಲಿಯ ಹತ್ತಿರವೇ ಸಾಯುತ್ತಾನೆ.

ತಪ್ಪದ ಗುರಿ

ತಂಗಿಯಿಲ್ಲದ ಕೊರತೆ ನೀಗಲೆಂದು ಗುಂಡಿನ ಬಟನ್ನನ್ನು ಕಂಪ್ಯೂಟರೇ ಒತ್ತುವ ಹಾಗೆ ಬರೆದೆ. ಅದರ ಒಂದು ಗುಂಡೂ ಹುಸಿಹೋಗಲಿಲ್ಲ. ಆಡಿ ಮುಗಿಸಿದಾಗ ಗೆದ್ದ ಖುಷಿಯೇ ಇಲ್ಲ, ಮನೆಯೆಲ್ಲ ಖಾಲಿ ಅನ್ನಿಸಿತು. ತಂಗಿ ಹೀಗೆಲ್ಲಿ ಸುಡುತ್ತಿದ್ದಳು? ಸಿಪಾಯಿ ಕಂಡರೆ ಕಣ್ಣು ಮುಚ್ಚಿ, ಗೋಡೆಗೆಲ್ಲ ಗುಂಡು ಹೊಡೆದು, ಆಮೇಲೆ ನನ್ನನ್ನೇ ಬೈಯುತ್ತಿದ್ದಳು. ಅದಕ್ಕೆ ಕೂತು ಆ ಕೋಡನ್ನು ಚೆನ್ನಾಗಿ ಕೆಡಿಸಿದೆ. ಗುರಿ ತಪ್ಪಿತು, ಗುಂಡು ದಂಡವಾಯಿತು, ಜೀವಕ್ಕೆ ಹಾಯೆನಿಸಿತು.

ಹೊನ್ನಾಳಿಯ ಕಂಪ್ಯೂಟರ್ ಮೇಷ್ಟ್ರು ಬ್ಯಾನರ್ ಮಾಡಿಸಲು ಬಂದವರು ಅದನ್ನು ನೋಡಿ, ಅಯ್ಯೋ ಪಾಪ ಎಂದು ತಪ್ಪೆಲ್ಲ ತಿದ್ದಿಕೊಟ್ಟು ಹೋದರು. ನಾನು ಮತ್ತೆ ಮೊದಲಿನಿಂದ ಕೆಡಿಸಿದೆ.

ಹಿಂದಿನ ಬಾಗಿಲು

ಈ ಪಂಚಮಿಗೆ ತಂಗಿ ಬಂದಳು. ಮರುದಿನ ಬಸ್ಸಿಗೆ ಹೊರಟವಳನ್ನು ಅಂಗಡಿಗೆ ಕರೆದು ಕೂರಿಸಿದೆ. ಈ ಸಲ ನಡೆಯುವ ಬಟನ್ ತನಗೇ ಬೇಕೆಂದಳು. ಕೊಟ್ಟು, ಗುಂಡಿನ ಬಟನ್ನನ್ನು ಕಂಪ್ಯೂಟರಿನಿಂದ ಬಿಡಿಸಿ ನಾನು ಹಿಡಿದೆ. ಮುಂದೆ ಹೋಗುವುದು ಬಿಟ್ಟು ಹಿಂದಕ್ಕೆ ತಿರುಗಿ, ಆಟ ಶುರುವಾಗುವಲ್ಲಿರುವ ಬಾಗಿಲಿಗೆ ವೀರನ ಹಣೆ ಹಚ್ಚಿ ನಿಲ್ಲಿಸಿದಳು.

"ಇದೇ ಬಾಗಿಲಾಗೆ ಒಳಗೆ ಬಂದಿದ್ದು. ಮತ್ತೆ ಯಾಕೆ ತೆಗಿಯಲ್ಲ?"

ಅದು ಬರೀ ಗೋಡೆಯ ಮೇಲಿನ ಚಿತ್ರ, ಆಚೆ ಏನೂ ಇಲ್ಲ ಎಂದೆ.

"ಇಷ್ಟು ದಿನ ಓದಿದ್ದು ಯಾತಕ್ಕಣ್ಣ? ತೆಗಿ."

ಕೂತು ಬರೆದೆ. ಬಾಗಿಲು ತೆರೆಯಿತು, ಆಚೆ ಒಂದು ಖಾಲಿ ಕೋಣೆ ಮಾಡಿದೆ. ಅವಳು ಒಳಗೆ ಹೋದದ್ದೇ ತಡ, ಸಿಪಾಯಿಗಳೂ ಹಿಂದೆ ಬಂದು ನಮ್ಮನ್ನು ಸುಟ್ಟರು. ಇವರನ್ನು ಮುಗಿಸದೆ ಹೋಗುವುದಿಲ್ಲವೆಂದು ಅವಳು ಸೆರಗು ಸಿಕ್ಕಿಸಿ ಕೂತಳು. ಬಸ್ಸು ಹೋಯಿತು. ಭಾವನ ಫೋನು ಬಂದಾಗ ಸಿಪಾಯಿ ಎದುರಿಗೇ ಇದ್ದ. "ಇವತ್ತು ಬರಲ್ಲ, ಈಗ ಮಾತಾಡಾಕೆ ಆಗಲ್ಲ" ಎಂದು ಕಟ್ ಮಾಡಿದಳು.

ನನ್ನ ಆಸೆ ಕೈಗೂಡಿತ್ತು, ಆ ರಾತ್ರಿಯ ಮಟ್ಟಿಗೆ. ಬೆಳಿಗ್ಗೆ ತವರಲ್ಲಿ ಏನೋ ಜಗಳವಾಗಿದೆಯೆಂದು ಹೆದರಿ, ರಾಜಿ ಮಾಡಿಸಲು ಭಾವ ಇಬ್ಬರು ಹಿರಿಯರ ಸಮೇತ ಅಂಗಡಿಗೆ ಬಂದಿಳಿದರು. ಜಗಳ ಯಾರ ಜೊತೆ ಎಂದು ಹಿರಿಯರು ಕೇಳಿದರು. ತಂಗಿ ಸ್ಕ್ರೀನ್ ತೋರಿಸಿದಳು. ಭಾವ ಬಗ್ಗಿ ನೋಡಿದರು, ನನ್ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂತರು, ಗುಂಡಿನ ಬಟನ್ ಹಿಡಿದರು. ಗುಂಡೆಲ್ಲ ಗೋಡೆಗೆ ಹೋಯಿತು. ತಂಗಿ ಅವರನ್ನು ಬಾಯಿತುಂಬ ಬೈದಳು.

ನಾನು ಹಿರಿಯರಿಗೆ ಟೀ ತರಲು ಹೋದೆ.