ಗಡಿ ಬೋರ್ಡಿನ ಕೆಳಗೆ ಎರಡು ಬೊಕ್ಕಸ

ಜೇಬಿನಲ್ಲಿ ಚಹಾಕ್ಕೆ ಚಿಲ್ಲರೆ ಇಲ್ಲದವನಿಗೇ ಸರ್ಕಾರದ ಬೊಕ್ಕಸದ ಚಿಂತೆ ಹೆಚ್ಚು. ಇದು ನಾನು ನನ್ನನ್ನೇ ನೋಡಿ ಕಂಡುಕೊಂಡ ಸತ್ಯ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಸೇಡಂನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಓದು ಎಷ್ಟು ಹಳೆಯದೆಂದರೆ, ನನ್ನ ಜೊತೆ ಶುರು ಮಾಡಿದವರ ಮಕ್ಕಳು ಈಗ ಮಗ್ಗಿ ಹೇಳುತ್ತಾರೆ. ಯಾವ ರಾಜ್ಯ ಸಾಲದಲ್ಲಿ ಮುಳುಗಿದೆ, ಪೆಟ್ರೋಲಿನ ಮೇಲೆ ಯಾರ ತೆರಿಗೆ ಜಾಸ್ತಿ, ಯಾರ ಖಜಾನೆ ಬಾಟಲಿಯ ಮೇಲೆ ನಿಂತಿದೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮನೆಯ ಗ್ಯಾಸ್ ಯಾವಾಗ ಮುಗಿಯುತ್ತದೆ ಎಂದು ಮಾತ್ರ ಕೇಳಬೇಡಿ.

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಗಡಿಯಾಚೆ ತೆಲಂಗಾಣದ ತಾಂಡೂರಿನಲ್ಲಿದ್ದಾಳೆ. ನಮ್ಮಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಅವರಲ್ಲೂ ಉಚಿತ. ಆದರೆ ಅವರವರ ಆಧಾರ್ ಕಾರ್ಡಿಗೆ, ಅವರವರ ಗಡಿಯ ತನಕ. ರೈಲಿದೆ, ಅದಕ್ಕೆ ಟಿಕೆಟ್ ಬೇಕು. ಫುಕಟ್ ಬಸ್ಸಿರುವಾಗ ರೈಲು ಹತ್ತುವುದು ಅವ್ವನ ದೃಷ್ಟಿಯಲ್ಲಿ ದುಶ್ಚಟ. ಹಾಗಾಗಿ ಅಕ್ಕತಂಗಿಯರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪ್ರತಿ ಗುರುವಾರ ಅವ್ವ ಈ ಕಡೆಯ ಕೊನೆಯ ಸ್ಟಾಪಿಗೆ, ಚಿಗವ್ವ ಆ ಕಡೆಯ ಕೊನೆಯ ಸ್ಟಾಪಿಗೆ. ಇಬ್ಬರೂ ಒಂದಿಷ್ಟು ನಡೆದು ಗಡಿಯ ಸ್ವಾಗತ ಬೋರ್ಡಿನ ಪಕ್ಕದ ಬೇವಿನ ಮರದ ಕೆಳಗೆ ಕೂಡುತ್ತಿದ್ದರು. ಅವ್ವ ಹಪ್ಪಳದ ಡಬ್ಬಿ ಒಯ್ಯುತ್ತಿದ್ದಳು. ನಮ್ಮ ನೆಲದ ಕಲ್ಲು ಸಿಮೆಂಟಾಗಿ ದೇಶಕ್ಕೆ ಹೋಗುತ್ತದೆ, ಅದರ ತೆರಿಗೆ ಬೆಂಗಳೂರು, ದಿಲ್ಲಿಗೆ ಹೋಗುತ್ತದೆ, ಧೂಳು ಮಾತ್ರ ನಿಷ್ಠೆಯಿಂದ ನಮ್ಮ ಮಾಳಿಗೆಯ ಹಪ್ಪಳದ ಮೇಲೆ ಕೂರುತ್ತದೆ.

"ಅಕ್ಕಾ, ನಿನ್ನ ಹಪ್ಪಳ ತಿಂದ್ರ ಹೊಟ್ಟ್ಯಾಗ ಸ್ಲ್ಯಾಬ್ ಬೀಳ್ತದ ನೋಡ," ಎಂದು ಚಿಗವ್ವ ನಗುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದಳಂತೆ.

ಇಷ್ಟು ಸುಖವಾಗಿದ್ದ ಅಂತರರಾಜ್ಯ ಸಂಬಂಧದಲ್ಲಿ ನಾನು ಕೈಹಾಕಿದೆ. ಚಿಗವ್ವನ ಮಗ ನರಸುಗೂ ನನಗೂ ಫೋನಿನಲ್ಲಿ ರಾಜ್ಯಗಳ ಹಣಕಾಸಿನ ಜಗಳ ಹತ್ತಿತು. ಅವನೂ ನನ್ನ ಹಾಗೆಯೇ ನಿರುದ್ಯೋಗಿ, ಆದ್ದರಿಂದ ಅವನಿಗೂ ಎಲ್ಲ ಗೊತ್ತು.

"ನಿಮ್ಮ ಸರ್ಕಾರ ಪಗಾರಕ್ಕೂ ಸಾಲ ತರ್ತದ," ಎಂದೆ.

"ನಿಮ್ಮಲ್ಲಿ ಗಾಡಿ ತಗೊಂಡ್ರ ಗಾಡಿಕಿಂತ ಟ್ಯಾಕ್ಸೇ ಭಾರ ಅಣ್ಣಾ," ಎಂದ.

"ಮತ್ತ ಪೆಟ್ರೋಲ್ ಹಾಕಿಸ್ಲಿಕ್ಕೆ ನಮ್ಮ ಬಂಕಿಗ್ಯಾಕ ಬರ್ತೀಯಲೇ?"

ಅಲ್ಲಿಗೆ ಗೆದ್ದಿದ್ದೆ. ಗೆದ್ದವನು ಸುಮ್ಮನಿರಬೇಕಿತ್ತು. "ನಿಮ್ಮ ಫ್ರೀ ಬಸ್ ಭಾಳ ದಿನ ನಡೆಯಂಗಿಲ್ಲ. ಇರೋ ತನಕ ತಿರುಗ್ಯಾಡ್ಕೋ ಅಂತ ನಿಮ್ಮವ್ವಗ ಹೇಳು," ಎಂದುಬಿಟ್ಟೆ.

"ನಿಮ್ಮವ್ವ ಏನ್ ವಿಮಾನದಾಗ ಬರ್ತಾಳೇನು?" ಎಂದು ಅವನು ಫೋನ್ ಇಟ್ಟ. ನಾನು ಅವನ ನಂಬರ್ ಬ್ಲಾಕ್ ಮಾಡಿದೆ. ಸಿಟ್ಟು ಇಳಿಯಲಿಲ್ಲ, ಅವ್ವನಿಗೆ ಚಾಡಿ ಹೇಳಿಯಾನೆಂದು ಅವಳ ಫೋನಿನಲ್ಲೂ ಬ್ಲಾಕ್ ಮಾಡಿದೆ.

ಮುಂದಿನ ಗುರುವಾರ ಚಿಗವ್ವ ಬರಲಿಲ್ಲ. ಅವ್ವ ತುಂಬಿದ ಡಬ್ಬಿ ಹಿಡಿದು ವಾಪಸ್ ಬಂದಳು. ಮತ್ತೊಂದು ಗುರುವಾರವೂ ಹಾಗೆಯೇ. ಚಿಗವ್ವನ ಫೋನ್ ಸ್ವಿಚ್ ಆಫ್. "ನನ್ನ ಮ್ಯಾಲ ಏನರೆ ಸಿಟ್ಟು ಬಂದದೇನೋ ಅಕಿಗೆ?" ಎಂದು ಅವ್ವ ಕೇಳಿದಾಗ ನಾನು ವಿತ್ತೀಯ ಕೊರತೆಯ ಪಾಠದಲ್ಲಿ ಮುಖ ಹುದುಗಿಸಿದೆ.

ಅದರ ಮುಂದಿನ ಗುರುವಾರ ಅವ್ವ ಗಡಿಯಿಂದ ನನಗೆ ಫೋನ್ ಮಾಡಿದಳು. ಆ ಕಡೆಯ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಸುದ್ದಿ ಹೇಳಿದ್ದಳು: ಚಿಗವ್ವನಿಗೆ ಲಕ್ವಾ ಹೊಡೆದಿದೆ, ದವಾಖಾನೆಯಲ್ಲಿದ್ದಾಳೆ. ಅವ್ವ ಅದೇ ಬಸ್ಸು ಹತ್ತಿದರೆ ಕಂಡಕ್ಟರ್ ಆಧಾರ್ ನೋಡಿ ಟಿಕೆಟ್ ಕೇಳಿದ. ಉಚಿತ ಬಸ್ಸು ಬಂದಾಗಿನಿಂದ ಅವ್ವ ರೊಕ್ಕದ ಚೀಲ ಒಯ್ಯುವುದನ್ನೇ ಬಿಟ್ಟಿದ್ದಳು. ಇಳಿದುಬಿಟ್ಟಳು.

ನಾನು ಬೈಕಿನಲ್ಲಿ ಹೋದಾಗ ಅವಳು ಸ್ವಾಗತ ಬೋರ್ಡಿನ ಕೆಳಗೆ, ಹಪ್ಪಳದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲಿಂದಲೇ ತಾಂಡೂರಿಗೆ ಹೊರಟೆವು.

ದವಾಖಾನೆಯಲ್ಲಿ ಚಿಗವ್ವನ ಬಲಗಡೆ ಪೂರ್ತಿ ಹೋಗಿತ್ತು, ಮಾತು ನಿಂತಿತ್ತು. ನರಸು ನನ್ನ ಮುಖ ನೋಡಲಿಲ್ಲ.

"ದೊಡ್ಡವ್ವಾ, ಅವ್ವನ ಫೋನ್ ಅಕಿ ಸಂಗಾಟನೇ ಬಿದ್ದು ಒಡೀತು. ಬಿದ್ದ ದಿನಾನೇ ನನ್ನ ಫೋನಿಂದ ಹಚ್ಚೀನಿ. ಮೊದಲ್ನೇ ದಿನ ಒಂಚೂರು ಮಾತಾಡ್ತಿದ್ದಳು. ಅಕ್ಕಾ, ಅಕ್ಕಾ ಅಂತಿದ್ದಳು. ನಿಮಗ ಹತ್ಲೇ ಇಲ್ಲ."

ಅವ್ವ ತನ್ನ ಫೋನು ನೋಡಿದಳು. ಆಮೇಲೆ ನನ್ನನ್ನು. ಎರಡು ಸರ್ಕಾರಗಳೂ ಆ ರಸ್ತೆಯಲ್ಲಿ ಇಡದ ಚೆಕ್‌ಪೋಸ್ಟನ್ನು ನಾನು ಅವ್ವನ ಫೋನಿನಲ್ಲೇ ಇಟ್ಟಿದ್ದೆ. ಚಿಗವ್ವ ಎಡಗೈಯಿಂದ ಡಬ್ಬಿ ಮುಟ್ಟಿದಳು. ಸ್ಲ್ಯಾಬಿನ ಮಾತು ಅವಳಿಂದ ಬರಲಿಲ್ಲ, ಅವ್ವನೇ ಹೇಳಿ, ಅವ್ವನೇ ಅತ್ತಳು.

ಈಗ ಗುರುವಾರ ಬಂದರೆ ಅವ್ವ ತಾಂಡೂರಿನ ತನಕ ಹೋಗುತ್ತಾಳೆ. ಜೊತೆಗೆ ನಾನಿರಬೇಕು, ಅದೂ ಬೈಕಲ್ಲ, ಬಸ್ಸಿನಲ್ಲೇ ಎಂದು ಅವಳ ಅಪ್ಪಣೆ. ಈ ಕಡೆ ನನ್ನೊಬ್ಬನ ಟಿಕೆಟ್, ಆ ಕಡೆ ಇಬ್ಬರದೂ. "ಯಾವ ಸರ್ಕಾರ ಮುಳುಗ್ಲಿಕತ್ತದ ಅಂತಿದ್ದೆಲ್ಲ, ಎರಡಕ್ಕೂ ನೀನೇ ಕೊಡು," ಎನ್ನುತ್ತಾಳೆ. ಟ್ಯೂಷನ್ ಹೇಳಿ ಆ ಟಿಕೆಟ್ಟಿನ ರೊಕ್ಕ ಕೊಡುತ್ತಿದ್ದೇನೆ.

ಅರ್ಥಶಾಸ್ತ್ರ ಓದಿದವರ ಭವಿಷ್ಯ ನಿಜವಾಗುವುದು ಅಪರೂಪ. ನನ್ನದು ಒಂದೇ ವಾರದಲ್ಲಿ ನಿಜವಾಯಿತು. ಚಿಗವ್ವನ ಫ್ರೀ ಬಸ್ ಭಾಳ ದಿನ ನಡೆಯಲಿಲ್ಲ. ಅವರ ಬೊಕ್ಕಸಕ್ಕೆ ಈಗ ವಾರಕ್ಕೊಂದು ಟಿಕೆಟ್ಟಿನ ಉಳಿತಾಯ.