ಬಲಕ್ಕೆ ಕಂಪನಿ, ಎಡಕ್ಕೆ ಸಾದಾ

ಬೀದರದಲ್ಲಿ ಟೈರಿನ ಅಂಗಡಿ ಇಟ್ಟುಕೊಂಡವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಯಾರಾದರೊಬ್ಬರು ಬಂದು ಆ ದಿನದ ಪಾಲು ಕೊಟ್ಟು ಹೋಗುತ್ತಾರೆ.

ನನ್ನಲ್ಲಿ ಎರಡು ಜಾತಿಯ ಟೈರು. ಹೆಸರುವಾಸಿಯಾದದ್ದು ‘ಕಂಪನಿ’, ಅಗ್ಗದ್ದು ‘ಸಾದಾ’. ಯಾವುದು ಛಲೋ ಅಂತ ಕೇಳಿದರೆ ನಿಜವನ್ನೇ ಹೇಳುತ್ತೇನೆ: ಊರೊಳಗೆ ಸಂತೆ, ಸಾಲಿ ಅಂತ ನಿಧಾನ ಓಡಾಡುವುದಿದ್ದರೆ ಸಾದಾ ಸಾಕು, ದಿನಾ ಭಾಲ್ಕಿ, ಔರಾದ ಅಂತ ಜೋರಾಗಿ ಓಡಿಸುವವರು ಕಂಪನಿಯದ್ದು ಹಾಕಿಸಿಕೊಳ್ಳಿ. ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ.

“ಅದಿರ್ಲಿ ಬಿಡ್ರಿ, ನಿಮ್ಮ ಗಾಡಿಗಿ ಯಾವುದು ಹಾಕೀರಿ?”

ಕಂಪನಿಯದ್ದು ಅಂದರೆ, “ಮತ್ತ ನಮಗ ಸಾದಾ ಯಾಕ ತೋರಸ್ತೀರಿ?” ಸಾದಾ ಅಂದರೆ, “ನಿಮಗೇ ಬ್ಯಾಡಾದ ಕಂಪನಿ ನಮಗ್ಯಾಕ?”

ಎರಡೂ ಕಡೆ ಬೈಸಿಕೊಂಡು ಸಾಕಾಗಿ, ನನ್ನ ಕಾರಿಗೆ ಬಲಗಡೆ ಎರಡು ಕಂಪನಿ, ಎಡಗಡೆ ಎರಡು ಸಾದಾ ಹಾಕಿಸಿಬಿಟ್ಟೆ. ಗಿರಾಕಿ ಎಂಥವನೋ ನೋಡಿ ಅವನಿಗೆ ತಕ್ಕ ಮಗ್ಗುಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಹಾಗೆ ಹಾಕಬಾರದು, ಗಾಡಿ ಒಂದು ಕಡೆ ಎಳೆಯುತ್ತದೆ ಅಂತ ಊರಿಗೆಲ್ಲ ಬುದ್ಧಿ ಹೇಳುವವನೂ ನಾನೇ. ಕಾರು ಎಡಕ್ಕೆ ಎಳೆಯುತ್ತಲೂ ಇತ್ತು.

“ಇದ್ಯಾಕ್ರೀ ಹಿಂಗ ಜಗ್ತದ?” ಅಂತ ಹೆಂಡತಿ ಕೇಳಿದಳು.

“ರೋಡ ಹಂಗ ಅದ” ಅಂದೆ. ಪಾಪ, ಅವಳು ನಂಬಿ ರೋಡಿಗೆ ಬೈದಳು.

ಹಸಿ ಮಾಲು

ಕಾಳಿನ ಪೇಟೆ ಗಾಂಧಿ ಗಂಜಿನ ಅಡತಿ ಸಾಹುಕಾರರೊಬ್ಬರು ಟೈರು ನೋಡಲು ಬಂದರು. ತೊಗರಿ, ಕಡಲೆ ಕೊಂಡು ಮಾರಿ ಕೂದಲು ಬೆಳ್ಳಗಾದವರು. ಕಂಪನಿ ಟೈರಿಗೆ ಉಗುರು ಒತ್ತಿದರು, ಮೂಸಿದರು.

“ಸ್ಯಾಂಪಲ್ ಕೊಡ್ರಿ” ಅಂದರು.

“ಟೈರಿಗಿ ಎಲ್ಲೀ ಸ್ಯಾಂಪಲ್ ರೀ?”

“ಗಂಜಿನಾಗ ಸ್ಯಾಂಪಲ್ ನೋಡದ ಯಾರೂ ಮಾಲು ಹಿಡ್ಯಂಗಿಲ್ಲ. ಒಂದು ಹಾಕ್ರಿ. ಪಾಸಾದ್ರ ಉಳಿದ ಮೂರೂ ಒಯ್ತೇನಿ.”

ಹಳೆಯ ಗಿರಾಕಿ, ಇಲ್ಲ ಅನ್ನುವ ಹಾಗಿಲ್ಲ. ಒಂದು ಹಾಕಿಸಿ ಕಳಿಸಿದೆ. ವಾರ ಬಿಟ್ಟು ಬಂದು ಸ್ಯಾಂಪಲ್ ಪಾಸ್ ಅಂದರು. ನಾನು ಖುಷಿಯಿಂದ ಉಳಿದ ಮೂರನ್ನು ಕೆಳಗಿಳಿಸಿದೆ. ಅವರು ಬಗ್ಗಿ ಮತ್ತೆ ಮೂಸಿದರು, ಮುಖ ಕಿವುಚಿದರು.

“ಇವು ಇನ್ನಾ ವಾಸನಿ ಹೊಡಿಲಾಕತ್ಯಾವ. ಹಸಿ ಮಾಲು. ಬಿಸಿಲಿಗಿ ಹಾಕಿರ್ರಿ, ಒಣಗಿದ ಮ್ಯಾಲ ಬರ್ತೇನಿ.”

ವ್ಯಾಪಾರ ಬಿಡುವುದಕ್ಕಾಗುತ್ತದೆಯೇ? ಮೂರನ್ನೂ ಅಂಗಡಿ ಮುಂದೆ ಬಿಸಿಲಿಗೆ ಹಾಕಿದೆ. ಮಧ್ಯಾಹ್ನ ಒಂದು ಸಲ ಹೊರಗೆ ಬಂದು ತಿರುವಿಯೂ ಹಾಕಿದೆ.

ಕೂದಲು

ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಕೂದಲು ಇರುತ್ತವೆ. ಔರಾದ ಕಡೆಯ ಕುರಿ ಸಾಕುವ ಹಿರಿಯರೊಬ್ಬರು ತಮ್ಮ ಮೋಟರ್ ಸೈಕಲ್ಲಿಗೆ ಟೈರು ಆರಿಸಿದ್ದು ಈ ಕೂದಲು ನೋಡಿಯೇ. ಕುರಿಯ ಉಣ್ಣೆಯಲ್ಲಿ ಬೆರಳಾಡಿಸುವ ಹಾಗೆ ಒಂದೊಂದನ್ನೂ ಸವರಿ, ಸಾದಾ ಬದಿಗಿಟ್ಟು, ದಟ್ಟ ಕೂದಲಿನ ಕಂಪನಿಯದ್ದನ್ನೇ ಹಿಡಿದರು.

ಕೆಲವು ದಿನಕ್ಕೆ ಸಿಟ್ಟಿನಿಂದ ವಾಪಸು ಬಂದರು.

“ಏನ್ರೀ ಇದು! ಕಂಪನಿದು ಅಂತ ಕೊಟ್ರಿ. ಔರಾದ ಮುಟ್ಟೂದ್ರಾಗ ಒಂದೂ ಕೂದಲ ಇಲ್ಲ!”

“ಕಾಕಾ, ಕೂದಲ ಉದುರಿದ್ರ ಏನಾತ್ರಿ? ಒಳಗ ಗಟ್ಟಿ ಅದ.”

ಅವರು ನನ್ನ ತಲೆಯನ್ನೇ ನೋಡುತ್ತ ನಿಂತರು. ಅಲ್ಲಿ ಕೂದಲಿದ್ದ ಕಾಲವನ್ನು ಕಂಡವರು ಈಗ ಬೀದರದಲ್ಲಿ ಕಡಿಮೆ.

“ಖರೇ ಅದ ಬಿಡ್ರಿ” ಅಂದರು. “ಆದ್ರ ನಿಮ್ಮನ್ನ ಹೊಸಾದು ಅಂತ ಯಾರೂ ಮಾರಂಗಿಲ್ಲಲ್ಲ.”

ಹೊಲದಲ್ಲಿ ನ್ಯಾಯ

ಖಟಕ ಚಿಂಚೋಳಿ ನನ್ನ ಅತ್ತೆಯ ಊರು. ಎಳ್ಳ ಅಮಾಸಿಗೆ ಮೂವರು ಅಳಿಯಂದಿರೂ ಅವರ ಹೊಲಕ್ಕೆ ಹೋಗಿ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣಬೇಕು. ನನ್ನ ಷಡ್ಡಕರಲ್ಲಿ ಒಬ್ಬರು ಭಾಲ್ಕಿಯಲ್ಲಿ ಸಾಲಿ ಮಾಸ್ತರು, ಕೈ ಬಿಗಿ. ಅವರಿಗೆ ನನ್ನ ಕಾರಿನ ಎಡ ಮಗ್ಗುಲು ತೋರಿಸಿ ಸಾದಾ ಮಾರಿದ್ದೆ. ಇನ್ನೊಬ್ಬರು ಔರಾದದ ಗುತ್ತೇದಾರರು, ದೊಡ್ಡಸ್ತಿಕೆ ಜಾಸ್ತಿ. ಅವರಿಗೆ ಬಲ ಮಗ್ಗುಲು ತೋರಿಸಿ ಕಂಪನಿ ಕಟ್ಟಿದ್ದೆ. ಇಬ್ಬರೂ ಒಂದೇ ಕಡೆ ಉಣ್ಣಲು ಕೂಡುತ್ತಾರೆ ಅನ್ನುವುದು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಎರಡನೇ ರೊಟ್ಟಿಗೆ ಮಾತು ಟೈರಿಗೆ ಬಂತು.

“ಟೈರ್ ಮಾರಾಂವನೇ ಸಾದಾ ಹಾಕ್ಯಾನ. ಕಣ್ಣಾರೆ ನೋಡೀನಿ” ಅಂದರು ಮಾಸ್ತರು.

“ಕಂಪನಿ ಹಾಕ್ಯಾನ್ರಿ! ಕೈ ಮುಟ್ಟಿ ನೋಡೀನಿ” ಅಂದರು ಗುತ್ತೇದಾರರು.

ನನ್ನ ವ್ಯಾಪಾರ ನಿಂತಿರುವುದೇ ನನ್ನ ಮಾತಿನ ಮೇಲೆ. ಅದು ಹೋದರೆ ಭಾಲ್ಕಿಯೂ ಹೋಯಿತು, ಔರಾದವೂ ಹೋಯಿತು. ಅಷ್ಟರಲ್ಲಿ ಇಬ್ಬರೂ ಎದ್ದರು. ಬದುವಿನ ಹತ್ತಿರ ನಿಂತ ಕಾರಿನ ಬಲಕ್ಕೆ ಮಾಸ್ತರು ಹೋದರು, ಎಡಕ್ಕೆ ಗುತ್ತೇದಾರರು. ಬಗ್ಗಿ ನೋಡಿದರು. ಮುಖ ಸಣ್ಣದು ಮಾಡಿಕೊಂಡು ವಾಪಸಾದರು.

“ಮಾಸ್ತರ, ತಪ್ಪು ನಂದ್ರಿ. ಸಾದಾನೇ ಅವ.”

“ಛೇ ಛೇ, ತಪ್ಪು ನಂದು. ಕಂಪನಿನೇ ಅವ.”

“ಇಲ್ರಿ, ಸಾದಾ ಅಂತ ನೀವೇ ಅಂದ್ರಲ್ಲ!”

“ನೀವೇ ಕಂಪನಿ ಅಂದ್ರಿ, ಈಗ ಹೊಳ್ಳತೀರೇನು?”

ಜಗಳ ಮತ್ತೆ ಹತ್ತಿಕೊಂಡಿತು, ಈ ಸಲ ಮಾತು ಅದಲು ಬದಲು ಮಾಡಿಕೊಂಡು. ಕಡೆಗೆ ಅತ್ತೆ ಭಜ್ಜಿಯ ಸೌಟು ಹಿಡಿದೇ ಎದ್ದು ಕಾರನ್ನು ಒಂದು ಸುತ್ತು ಹಾಕಿ ಬಂದರು.

“ಬಲಕ್ಕ ಒಂದು ನಮೂನಿ, ಎಡಕ್ಕ ಒಂದು ನಮೂನಿ. ಅಳಿಯ ಮನ್ಯಾಗೂ ಹಿಂಗೇ ಇರಬೇಕು. ಅವ್ವನ ಮುಂದ ಅವ್ವಂದು ಖರೇ, ಹೇಣ್ತಿ ಮುಂದ ಹೇಣ್ತಿದು ಖರೇ.”

ಷಡ್ಡಕರಿಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅಬ್ಬಾ, ನಗೆಯಲ್ಲೇ ಮುಗಿಯಿತು ಅಂದುಕೊಂಡೆ. ಹೆಂಡತಿ ಮಾತ್ರ ನಗಲಿಲ್ಲ.

“ಗಾಡಿಯಾಗ ನೀವು ಕೂಡೂದು ಯಾವ ಕಡೀರಿ?”

“ಬಲಕ್ಕ.”

“ನಾನು?”

ನಾನು ಅತ್ತೆಯ ಸೌಟಿನ ಮುಂದೆ ತಾಟು ಹಿಡಿದು ಇನ್ನಷ್ಟು ಭಜ್ಜಿ ಕೇಳಿದೆ.

“ಅಂದ್ರ ನಿಮಗ ಕಂಪನಿ, ನನಗ ಸಾದಾ. ಕೇಳಿದ್ರ ರೋಡ ಹಂಗ ಅದ!”

ಅತ್ತೆ ಅಲ್ಲೇ ತೀರ್ಪು ಕೊಟ್ಟರು. ಇನ್ನು ಮೇಲೆ ತಮ್ಮ ಮಗಳು ಬಲಗಡೆಯೇ ಕೂಡಬೇಕು. ಬಲಗಡೆ ಮುಂದೆ ನಾನು ಇರುವುದರಿಂದ ಅವಳು ನನ್ನ ಬೆನ್ನ ಹಿಂದೆ ಕೂತಳು.

ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ಕಾರು ನಿಧಾನ ಮಾಡಿದೆ. ಚೀಲ ಹಿಡಿದ ಹಿರಿಯರೊಬ್ಬರು ಮುಂದೆ ಒಬ್ಬನೇ ಕೂತ ನನ್ನನ್ನು ನೋಡಿದರು, ಹಿಂದೆ ಕೂತ ಅವಳನ್ನು ನೋಡಿದರು. ನನ್ನನ್ನು ಲೆಕ್ಕಕ್ಕೇ ಇಡದೆ ಅವಳ ಕಿಟಕಿಗೆ ಬಗ್ಗಿದರು.

“ಅಕ್ಕಾರ, ಬೀದರಕ್ಕ ಹೊಂಟೀರೇನ್ರಿ? ನಿಮ್ಮ ಡ್ರೈವರಗ ಒಂದು ಮಾತು ಹೇಳಿದ್ರ ನಾನೂ ಕೂಡ್ತೇನಿ. ಕಿರಾಯಿ ಕೊಡ್ತೇನ್ರಿ.”

ಖಟಕ ಚಿಂಚೋಳಿ ಬಿಟ್ಟ ಮೇಲೆ ಆಗಲೇ ಅವಳು ಮೊದಲು ಬಾಯಿ ಬಿಟ್ಟಿದ್ದು.

“ಬರ್ರಿ ಕಾಕಾ, ಎಡಗಡಿ ಖಾಲೀನೇ ಅದ. ಕಿರಾಯಿ ಅರ್ಧಾ ಕೊಟ್ರ ಸಾಕು, ಆ ಕಡಿ ಸಾದಾ ಅದ.”